ಫೋನ್ ಸುಮ್ಮನಿರುವ ದಿನಗಳು

ರಜೆ ಶುರುವಾಗಿ ನಾಲ್ಕನೇ ದಿನ. ಬೆಳಿಗ್ಗೆಯಿಂದ ಕೆಲಸದ ಫೋನ್ ಒಂದು ಸಲವೂ ಸದ್ದು ಮಾಡಿರಲಿಲ್ಲ. ಚಾರ್ಜ್ ಇದೆಯಾ ಅಂತ ಎರಡು ಸಲ ನೋಡಿದೆ. ಹಾಳಾಗಿದೆಯೇನೋ ಅನ್ನಿಸಿ, ನನ್ನ ಇನ್ನೊಂದು ಫೋನಿನಿಂದ ನಾನೇ ಕಾಲ್ ಮಾಡಿ ನೋಡಿದೆ. ಚೆನ್ನಾಗಿಯೇ ರಿಂಗ್ ಆಯಿತು.

ಸಂಜೆ ಗೆಳತಿ ಫೋನ್ ಮಾಡಿದಳು. ಅವಳೂ ನನ್ನ ಹಾಗೆ ಎಸ್ಕಾರ್ಟ್, ಅಂದರೆ ಹಣ ಪಡೆದು ಲೈಂಗಿಕ ಸೇವೆ ಕೊಡುವ ಕೆಲಸದವಳು. ನನಗಿಂತ ಚಿಕ್ಕವಳು, ಕೆಲಸಕ್ಕೆ ಬಂದು ಎರಡು ವರ್ಷ ಆಗಿದೆ.

"ಅಕ್ಕಾ, ಈ ತಿಂಗಳು ರೇಟ್ ಶೇಕಡಾ 30 ಕಮ್ಮಿ ಅಂತ ಜಾಹೀರಾತು ಹಾಕ್ತಾ ಇದೀನಿ. ಎಲ್ರೂ ಹಾಕ್ತಿದಾರೆ. ನೀವೂ ಹಾಕಿ."

"ಒಂದೆರಡು ದಿನ ತಡಿ, ಆಮೇಲೆ ನೋಡೋಣ" ಅಂದೆ.

"ತಡೆದ್ರೆ ಬಾಡಿಗೆ ಕಟ್ಟೋರು ಯಾರು?"

ತಟ್ಟನೆ ಹೇಳೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕೇಳಿದ್ದು ಸುಮ್ನೆ ಅಲ್ಲ. ಆ ರಾತ್ರಿ ನನ್ನ ಹಳೆಯ ಲೆಕ್ಕದ ಪುಸ್ತಕಗಳನ್ನೆಲ್ಲ ತೆಗೆದು ಕೂತೆ.

ನಾನು ಸ್ವತಂತ್ರವಾಗಿ ಎಸ್ಕಾರ್ಟ್ ಕೆಲಸ ಮಾಡುವವಳು. ಒಂಬತ್ತು ವರ್ಷ ಆಯಿತು. ಏಜೆನ್ಸಿ ಇಲ್ಲ, ಮ್ಯಾನೇಜರ್ ಇಲ್ಲ. ಜಾಹೀರಾತು ಬರೆಯುವುದು, ಮೆಸೇಜಿಗೆ ಉತ್ತರ ಕೊಡುವುದು, ಬರುವವರು ಯಾರು ಎಂಥವರು ಅಂತ ವಿಚಾರಿಸುವುದು, ರೂಮ್ ನೋಡುವುದು, ಲೆಕ್ಕ ಬರೆಯುವುದು, ಎಲ್ಲ ನಾನೇ. ನನ್ನ ರೇಟ್ ಎಷ್ಟು ಅಂತ ಹೇಳುವವಳೂ ನಾನೇ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಅದು. ಆದರೆ ಫೋನ್ ಸುಮ್ಮನಿದ್ದಾಗ ನಿದ್ದೆ ಕೆಡಿಸುವುದೂ ಅದೇ. ರೇಟ್ ಇಳಿಸಬಹುದು, ಈಗಲೇ ಇಳಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ ಅನ್ನುವ ಯೋಚನೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಸಂಬಳಕ್ಕೆ ಕೆಲಸ ಮಾಡುವವರಿಗೆ ರಜೆ ಬಂದರೆ ಸಂಬಳವೂ ಬರುತ್ತದೆ, ರಜೆಯೂ ಸಿಗುತ್ತದೆ. ನಮಗೆ ರಜೆ ಅಂದರೆ ಆದಾಯ ನಿಂತಿತು ಅಂತ ಅರ್ಥ. ಬೆಲ್ಜಿಯಂನಲ್ಲಿ 2022ರಲ್ಲಿ ಈ ಕೆಲಸವನ್ನು ಅಪರಾಧ ಅನ್ನುವುದನ್ನು ಬಿಟ್ಟರು. 2024ರ ಡಿಸೆಂಬರ್ 1ರಿಂದ ಅಲ್ಲಿ ಇನ್ನೊಂದು ಕಾನೂನು ಜಾರಿಗೆ ಬಂದಿದೆ. ಒಪ್ಪಂದ ಮಾಡಿಕೊಂಡು ಕೆಲಸ ಮಾಡುವವರಿಗೆ ಕಾಯಿಲೆ ಬಿದ್ದರೆ ಹಣ, ಹೆರಿಗೆ ರಜೆ, ಪಿಂಚಣಿ, ಎಲ್ಲ ಸಿಗುತ್ತದೆ. ಓದಿದಾಗ ಕಣ್ಣು ತುಂಬಿ ಬಂದಿತ್ತು. ಆದರೆ ಅದು ಸಂಬಳಕ್ಕೆ ಸೇರಿದವರಿಗೆ ಮಾತ್ರ. ತಮ್ಮದೇ ಕೆಲಸ ತಾವು ಮಾಡಿಕೊಳ್ಳುವವರು ಅದರೊಳಗೆ ಬರುವುದಿಲ್ಲ. ಅಂದರೆ ಅಲ್ಲಿದ್ದರೂ ನನ್ನ ರಜೆಯ ಸಂಬಳವನ್ನು ನಾನೇ ಎತ್ತಿಡಬೇಕಾಗಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳ್ತೀನಿ. ವರ್ಷಕ್ಕೆ 52 ವಾರ. ಅದರಲ್ಲಿ ಆರು ವಾರ ಖಾಲಿ ಹೋಗುತ್ತದೆ ಅಂದುಕೊಳ್ಳಿ. ಉಳಿದ 46 ವಾರದಲ್ಲಿ ದುಡಿದದ್ದನ್ನು 52 ವಾರ ತಿನ್ನಬೇಕು. ಹಾಗಾಗಿ ಪ್ರತಿ ವಾರ ಬೇಕಾಗಿದ್ದಕ್ಕಿಂತ ಶೇಕಡಾ 13ರಷ್ಟು ಜಾಸ್ತಿ ದುಡಿಯಬೇಕು. ಆ 13 ನಮ್ಮ ರೇಟಿನ ಒಳಗೇ ಸೇರಿರಬೇಕು. ನನಗೆ ಇದು ಅರ್ಥವಾಗಲು ನಾಲ್ಕು ವರ್ಷ ಹಿಡಿಯಿತು. ಮೊದಲೆಲ್ಲ ಕೈ ತುಂಬಿದ ತಿಂಗಳಲ್ಲಿ ಖರ್ಚು ಮಾಡುತ್ತಿದ್ದೆ. ಖಾಲಿ ತಿಂಗಳಲ್ಲಿ ಗಾಬರಿಯಾಗಿ ರೇಟ್ ಇಳಿಸುತ್ತಿದ್ದೆ. ಎರಡೂ ಕಡೆ ಕೈ ಕಚ್ಚುತ್ತಿತ್ತು.

ಸರಿ, ರಜೆಯಲ್ಲಿ ಫೋನ್ ಯಾಕೆ ಸುಮ್ಮನಾಗುತ್ತದೆ? ರೇಟ್ ಜಾಸ್ತಿ ಆಯಿತು ಅಂತಲಾ? ಹೋದ ವಾರದ ರೇಟೇ ಈ ವಾರವೂ ಇದೆ. ಬದಲಾಗಿರುವುದು ಬರುವವರ ದಿನಚರಿ. ನನ್ನ ಕ್ಲೈಂಟುಗಳಲ್ಲಿ ಜಾಸ್ತಿ ಜನ ಸಂಸಾರಸ್ಥರು. ಅವರಿಗೆ ಬಿಡುವು ಸಿಗುವುದು ಕೆಲಸದ ದಿನಗಳಲ್ಲಿ. ಆಫೀಸಿನ ಟೂರ್, ಬೇಗ ಮುಗಿದ ಮೀಟಿಂಗ್, ಮಧ್ಯಾಹ್ನದ ಎರಡು ಗಂಟೆ. ರಜೆ ಬಂದರೆ ಮನೆ ತುಂಬಾ ಜನ. ಮಕ್ಕಳು, ನೆಂಟರು, ಪ್ರಯಾಣ. ಫೋನ್ ಕೂಡ ಮೇಜಿನ ಮೇಲೆ ಎಲ್ಲರ ಕಣ್ಣೆದುರೇ ಬಿದ್ದಿರುತ್ತದೆ. ಅಂಥವರಿಗೆ ಅರ್ಧ ರೇಟ್ ಅಂದರೂ ಬರೋಕೆ ಆಗಲ್ಲ. ಸಮಯವೇ ಇಲ್ಲದವರಿಗೆ ಅಗ್ಗ ಮಾಡಿ ಏನು ಪ್ರಯೋಜನ?

ಇನ್ನೊಂದು ಥರದವರು ಒಂಟಿ ಜನ. ಊರೆಲ್ಲ ಸಂಭ್ರಮದಲ್ಲಿರುವಾಗ ಇವರಿಗೆ ದಿನ ಹೋಗುವುದೇ ಕಷ್ಟ. ಅವರು ಫೋನ್ ಮಾಡೇ ಮಾಡ್ತಾರೆ, ರೇಟ್ ಹೇಗಿದ್ದರೂ. ಅವರಿಗೆ ಬೇಕಾಗಿರುವುದು ಆ ದಿನ ಯಾರಾದರೂ "ಹೇಗಿದೀರಿ" ಅಂತ ಕೇಳುವುದು.

ಇದನ್ನು ನಾನು ಊಹೆ ಮಾಡಿ ಹೇಳ್ತಿಲ್ಲ. ನನ್ನ ಪುಸ್ತಕದಲ್ಲಿ ಪ್ರತಿ ಬುಕಿಂಗಿನ ಪಕ್ಕ ಒಂದು ಗುರುತು ಹಾಕ್ತೀನಿ. ಹೊಸಬರಿಗೆ ಚುಕ್ಕಿ, ಹಳಬರಿಗೆ ಗೆರೆ. ಐದು ವರ್ಷದ ಹಿಂದೆ ಒಂದು ರಜೆಯಲ್ಲಿ ನಾನೂ ಡಿಸ್ಕೌಂಟ್ ಹಾಕಿದ್ದೆ. ಮೂರು ವಾರಕ್ಕೆ ಹನ್ನೊಂದು ಬುಕಿಂಗ್ ಬಂದಿತ್ತು. ಆಗ ಖುಷಿಯಾಗಿತ್ತು. ಮೊನ್ನೆ ಆ ಪುಟ ತೆಗೆದು ನೋಡಿದರೆ ಹನ್ನೊಂದರಲ್ಲಿ ಏಳು ಗೆರೆ. ಹೇಗೂ ಬರುವವರೇ. ಅವರ ಹತ್ತಿರ ಪೂರ್ತಿ ರೇಟ್ ತೆಗೆದುಕೊಳ್ಳಬಹುದಿತ್ತು, ನಾನೇ ಕಮ್ಮಿ ತೆಗೆದುಕೊಂಡೆ. ನಾಲ್ಕು ಚುಕ್ಕಿ. ಆ ನಾಲ್ವರಲ್ಲಿ ಒಬ್ಬರೂ ಆಮೇಲೆ ಮತ್ತೆ ಬಂದಿಲ್ಲ.

ಬೇರೆ ಅಂಗಡಿ ವ್ಯಾಪಾರದ ಲೆಕ್ಕ ನಮಗೆ ಹೊಂದುವುದಿಲ್ಲ. ಅಂಗಡಿಯವರು ಉಳಿದ ಮಾಲು ಖಾಲಿ ಮಾಡಲು ಡಿಸ್ಕೌಂಟ್ ಹಾಕ್ತಾರೆ. ನಮ್ಮ ಹತ್ತಿರ ಮಾಲು ಅಂತ ಇಲ್ಲ. ಇರುವುದು ದಿನದ ಗಂಟೆಗಳು, ಮೈಯ ಶಕ್ತಿ, ಮನಸ್ಸಿನ ತಾಳ್ಮೆ. ನನ್ನ ರೇಟ್ 100 ಅಂತ ಇಟ್ಟುಕೊಳ್ಳಿ. ಒಂದು ಬುಕಿಂಗಿಗೆ ರೂಮು, ಓಡಾಟ, ಜಾಹೀರಾತಿನ ಪಾಲು ಎಲ್ಲ ಸೇರಿ 30 ಖರ್ಚು. ಕೈಗೆ 70. ಹತ್ತು ಬುಕಿಂಗಿಗೆ 700. ಈಗ ನನ್ನ ಗೆಳತಿ ಹೇಳಿದ ಹಾಗೆ ಶೇಕಡಾ 30 ಇಳಿಸಿದೆ. ರೇಟ್ 70, ಖರ್ಚು ಅದೇ 30, ಕೈಗೆ 40. ಅದೇ 700 ಬರಬೇಕಾದರೆ ಹದಿನೆಂಟು ಬುಕಿಂಗ್ ಬೇಕು. ಹತ್ತೇ ಸಿಗದ ತಿಂಗಳಲ್ಲಿ ಹದಿನೆಂಟು ಎಲ್ಲಿಂದ ತರಲಿ? ಸಿಕ್ಕರೂ ನನ್ನ ಮೈ ತಡೆಯಬೇಕಲ್ವಾ?

ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ಅಂತ ಹೇಳಲಾರೆ. ಕೆಲವರು ತಿಂಗಳಿಗೆ ಜಾಗ ಬಾಡಿಗೆಗೆ ಹಿಡಿದಿರುತ್ತಾರೆ. ಬುಕಿಂಗ್ ಬಂದರೂ ಬರದಿದ್ದರೂ ಅವರು ಆ ಹಣ ಕಟ್ಟಲೇಬೇಕು. ಅಂಥವರಿಗೆ ಕಮ್ಮಿ ರೇಟಿನ ಒಂದು ಬುಕಿಂಗ್ ಬಂದರೂ ಹೆಚ್ಚುಕಮ್ಮಿ ಪೂರ್ತಿ ಕೈಗೇ ಬರುತ್ತದೆ. ನನ್ನ ಗೆಳತಿ ಅಂಥವಳು. ಅವಳಿಗೆ ನನ್ನ ಲೆಕ್ಕ ಹೇಳಿ ಬುದ್ಧಿ ಹೇಳಿದರೆ ತಪ್ಪಾಗುತ್ತದೆ.

ಹಣದ ವಿಷಯ ಇಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಆ ನಾಲ್ಕು ಚುಕ್ಕಿಯಲ್ಲಿ ಒಂದರ ಕಥೆ ಹೇಳಬೇಕು.

ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು. ನಮಸ್ಕಾರ ಇಲ್ಲ, ಹೆಸರಿಲ್ಲ. "ಆಫರ್ ಇನ್ನೂ ಇದೆಯಾ?" ಇದೆ ಅಂದೆ. "ಇನ್ನೂ ಸ್ವಲ್ಪ ನೋಡಿ." ಇಲ್ಲ, ಇಷ್ಟೇ ಅಂದೆ. ಒಪ್ಪಿಕೊಂಡರು. ಹೊಸಬರಾದರೆ ಪೂರ್ತಿ ಹೆಸರು, ಎಲ್ಲಿ ಕೆಲಸ ಅನ್ನುವುದು, ಸ್ವಲ್ಪ ಅಡ್ವಾನ್ಸ್, ಇಷ್ಟು ಕೇಳುತ್ತೇನೆ. "ಆಫರ್‌ಗೂ ಇದೆಲ್ಲ ಬೇಕಾ?" ಅಂದರು. ಆ ಮಾತಿಗೇ ನಾನು ನಿಲ್ಲಿಸಬೇಕಿತ್ತು. ಆದರೆ ಖಾಲಿ ವಾರ, ಕೈಯಲ್ಲಿ ದುಡ್ಡಿಲ್ಲ. ಅಡ್ವಾನ್ಸ್ ಬಿಟ್ಟೆ. ಬರೀ ಒಂದು ಹೆಸರಿಗೆ ಒಪ್ಪಿದೆ. ನನ್ನದೇ ನಿಯಮ ನಾನೇ ಮುರಿದೆ.

ನಲವತ್ತು ನಿಮಿಷ ತಡವಾಗಿ ಬಂದರು, ಪೂರ್ತಿ ಸಮಯ ಬೇಕು ಅಂದರು. ಅದಕ್ಕೂ ಹೂಂ ಅಂದೆ. ಆಮೇಲೆ ಕಾಂಡೋಮ್ ಬೇಡ ಅಂದರು. ಆಗಲ್ಲ ಅಂದೆ. "ರೇಟಲ್ಲಿ ಬಿಟ್ರಿ, ಅಡ್ವಾನ್ಸ್ ಬಿಟ್ರಿ, ಇದೊಂದಕ್ಕೆ ಯಾಕೆ ಹಟ?" ಅಂತ ಕೇಳಿದರು. ಕೂಗಾಡಲಿಲ್ಲ. ಸಾಮಾನಿಗೆ ಚೌಕಾಸಿ ಮಾಡುವವರ ದನಿಯಲ್ಲೇ ಕೇಳಿದರು. ನನ್ನ ಬೆನ್ನಿನಲ್ಲಿ ಚಳಿ ಹುಟ್ಟಿದ್ದು ಆ ದನಿಗೆ. ಎದ್ದು ಚಪ್ಪಲಿ ಹಾಕಿಕೊಂಡೆ. ಕೊಟ್ಟ ಹಣವನ್ನು ಮೇಜಿನ ಮೇಲೆ ಎಣಿಸಿ ಇಟ್ಟೆ. ಬಾಗಿಲು ತೆರೆದು ಅದರ ಪಕ್ಕ ನಿಂತುಕೊಂಡೆ. ಹಣ ಮತ್ತೊಂದು ಸಲ ಎಣಿಸಿಕೊಂಡು ಹೋದರು. ರೂಮಿನ ಖರ್ಚು ನನ್ನ ತಲೆಗೇ ಬಂತು. ಅವರು ಹೋದ ಮೇಲೆ ಚಿಲಕ ಹಾಕಲು ಹೋದರೆ ಕೈ ನಡುಗಿ ಎರಡು ಸಲ ತಪ್ಪಿತು.

ಕಮ್ಮಿ ದುಡ್ಡು ಕೊಡುವವರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ದುಡ್ಡಿರುವವರಲ್ಲೂ ಇಂಥವರನ್ನು ನೋಡಿದ್ದೀನಿ. ನಾನು ಕಂಡುಕೊಂಡದ್ದು ಇಷ್ಟು. ಆ ವಾರ ನಾನು ಇಳಿಸಿದ್ದು ರೇಟ್ ಒಂದೇ ಅಲ್ಲ. ಬೇಲಿಯ ಒಂದು ಕಡೆ ಸಡಿಲ ಮಾಡಿದರೆ ಉಳಿದ ಕಡೆಯೂ ತಾನಾಗಿ ಸಡಿಲವಾಗುತ್ತದೆ. ವಿಚಾರಿಸುವುದು, ಅಡ್ವಾನ್ಸ್, ಸಮಯ, ಕೊನೆಗೆ ಮೈ. "ದುಡ್ಡು ಬೇಕಾಗಿದೆ" ಅನ್ನುವುದು ಜಾಹೀರಾತಿನಲ್ಲೇ ಎದ್ದು ಕಂಡರೆ, ಅದನ್ನು ಹುಡುಕಿಕೊಂಡೇ ಬರುವವರು ಇದ್ದಾರೆ.

ಇದು ನನ್ನೊಬ್ಬಳ ಅನುಭವ ಅಲ್ಲ. ಪಾಲ್ ಗರ್ಟ್ಲರ್, ಮನೀಷಾ ಶಾ, ಸ್ಟೆಫಾನೊ ಬರ್ಟೋಜ್ಜಿ ಅನ್ನುವ ಮೂವರು ಮೆಕ್ಸಿಕೊದ ಲೈಂಗಿಕ ಕಾರ್ಯಕರ್ತೆಯರ ಬಗ್ಗೆ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕಾಂಡೋಮ್ ಇಲ್ಲದೆ ಒಪ್ಪಿದರೆ ಅಲ್ಲಿ ಸರಾಸರಿ ಶೇಕಡಾ 23 ಜಾಸ್ತಿ ಹಣ ಸಿಗುತ್ತಿತ್ತು. ಅಂದರೆ ಸುರಕ್ಷತೆಗೂ ಒಂದು ರೇಟ್ ಕಟ್ಟಿ ಚೌಕಾಸಿ ಮಾಡ್ತಾರೆ. ಕೀನ್ಯಾದ ಪಶ್ಚಿಮ ಭಾಗದಲ್ಲಿ ಜೊನಾಥನ್ ರಾಬಿನ್ಸನ್ ಮತ್ತು ಈಥನ್ ಯೆ ಮಾಡಿದ ಅಧ್ಯಯನ ಓದಿ ನನಗೆ ಇನ್ನೂ ಸಂಕಟವಾಯಿತು. ಅಲ್ಲಿ ಹೆಂಗಸರು ದಿನದಿನದ ಲೆಕ್ಕ ಬರೆದಿಟ್ಟಿದ್ದರು. ಮನೆಯಲ್ಲಿ ಯಾರಿಗಾದರೂ, ಹೆಚ್ಚಾಗಿ ಮಗುವಿಗೆ, ಹುಷಾರು ತಪ್ಪಿದ ದಿನ ಅವರು ಅಪಾಯಕ್ಕೆ ಒಪ್ಪುವುದು ಜಾಸ್ತಿಯಾಗಿತ್ತು. ಕೈ ಖಾಲಿಯಾದ ದಿನ ಬೇಲಿ ಸಡಿಲವಾಗುತ್ತದೆ. ನನಗೂ ಆಗಿದ್ದು ಅದೇ ಅಲ್ವಾ?

ನ್ಯೂಜಿಲೆಂಡಿನಲ್ಲಿ 2003ರಲ್ಲಿ ಈ ಕೆಲಸವನ್ನು ಅಪರಾಧವಲ್ಲ ಅಂತ ಮಾಡಿದಾಗ ಕಾನೂನಿನಲ್ಲೇ ಒಂದು ಮಾತು ಬರೆದರು. ಮೊದಲು ಏನೇ ಒಪ್ಪಂದ ಆಗಿರಲಿ, ಯಾವ ಕ್ಷಣದಲ್ಲಿ ಬೇಕಾದರೂ ಬೇಡ ಅನ್ನಬಹುದು. ಒಪ್ಪಂದ ಮಾಡಿಕೊಂಡಾಗಿದೆ ಅನ್ನುವುದೇ ಒಪ್ಪಿಗೆ ಆಗುವುದಿಲ್ಲ. ಎಷ್ಟೋ ಕಡೆ ಈ ಮಾತನ್ನು ಬೆಂಬಲಿಸುವ ಕಾನೂನೇ ಇಲ್ಲ. ಸ್ವೀಡನ್‌ನಲ್ಲಿ 1999ರಿಂದ ಕೊಳ್ಳುವವರದ್ದೇ ಅಪರಾಧ. ಹಾಗಿರುವ ಕಡೆ ಹೊಸಬರು ತಮ್ಮ ಹೆಸರು ಹೇಳಲು ಇನ್ನೂ ಹಿಂಜರಿಯುತ್ತಾರೆ, ವಿಚಾರಿಸುವ ಕೆಲಸ ಇನ್ನೂ ಕಷ್ಟವಾಗುತ್ತದೆ.

ಡಿಸೆಂಬರ್ 17 ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಲೈಂಗಿಕ ಕಾರ್ಯಕರ್ತರ ಮೇಲಿನ ಹಿಂಸೆ ಕೊನೆಯಾಗಲಿ ಅಂತ 2003ರಿಂದ ಆ ದಿನವನ್ನು ಆಚರಿಸುತ್ತಾರೆ. ಅಮೆರಿಕದ ಸಿಯಾಟಲ್ ಸುತ್ತಮುತ್ತ ಒಬ್ಬ ಕೊಲೆಗಾರ 48 ಹೆಂಗಸರನ್ನು ಕೊಂದೆ ಅಂತ ಆ ವರ್ಷ ಒಪ್ಪಿಕೊಂಡ. ಅವರಲ್ಲಿ ಎಷ್ಟೋ ಜನ ಬೀದಿಯಲ್ಲಿ ಈ ಕೆಲಸ ಮಾಡುತ್ತಿದ್ದವರು. ಅವರ ನೆನಪಿಗೆ ಶುರುವಾದ ದಿನ ಅದು. ವರ್ಷದ ಕೊನೆಯ ರಜೆ, ಆಫರ್, ಖಾಲಿ ಫೋನ್, ಎಲ್ಲ ಬರುವುದೂ ಅದೇ ವಾರದಲ್ಲಿ. ನಾನು ಆ ದಿನ ಒಂದು ಮೇಣದಬತ್ತಿ ಹಚ್ಚುತ್ತೇನೆ. ವಿಚಾರಿಸುವಾಗ ನಾನು ಕೇಳುವ ಪ್ರಶ್ನೆಗಳ ಪಟ್ಟಿಯನ್ನು ಆ ದಿನವೇ ಕೂತು ಮತ್ತೊಮ್ಮೆ ಓದುತ್ತೇನೆ.

ಹಾಗಾದರೆ ನಾನು ಯಾರಿಗೂ ಕಮ್ಮಿ ಮಾಡುವುದೇ ಇಲ್ಲವಾ? ಮಾಡ್ತೀನಿ.

ಒಬ್ಬರಿದ್ದಾರೆ. ವಯಸ್ಸಾದವರು, ಹೆಂಡತಿ ತೀರಿಕೊಂಡು ತುಂಬಾ ವರ್ಷ ಆಗಿದೆ. ವರ್ಷದಲ್ಲಿ ಒಂದು ಸಲ, ರಜೆಯ ವಾರದಲ್ಲೇ ಬರ್ತಾರೆ. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬರ್ತಾರೆ. ಕವರಿನಲ್ಲಿ ಹಣ ಹಾಕಿ, ನಾನು ನೋಡದ ಹಾಗೆ ಕಿಟಕಿಯ ಹತ್ತಿರ ಇಡ್ತಾರೆ. ಹೆಚ್ಚು ಹೊತ್ತು ಮಾತೇ. ಹೆಂಡತಿ ಯಾವ ಹಾಡು ಗುನುಗುತ್ತಿದ್ದರು, ಯಾವ ಮಾತಿಗೆ ಸಿಟ್ಟಾಗುತ್ತಿದ್ದರು ಅಂತ. ಮೂರು ವರ್ಷದ ಹಿಂದೆ ಫೋನ್ ಮಾಡಿ, "ಈ ಸಲ ಬರೋಕೆ ಆಗಲ್ಲಮ್ಮ, ಔಷಧಿ ಖರ್ಚು ಜಾಸ್ತಿಯಾಗಿದೆ, ಹೇಳಿಬಿಡೋಣ ಅಂತ ಮಾಡಿದೆ" ಅಂದರು. ಕಮ್ಮಿ ಮಾಡಿ ಅಂತ ಅವರು ಕೇಳಲೇ ಇಲ್ಲ. ನಾನೇ "ಅರ್ಧ ಕೊಡಿ, ಬನ್ನಿ" ಅಂದೆ. ಅಂದಿನಿಂದ ಅವರಿಗೆ ಅರ್ಧ. ಅದನ್ನು ಯಾವ ಜಾಹೀರಾತಿನಲ್ಲೂ ಹಾಕಿಲ್ಲ. ಪುಸ್ತಕದಲ್ಲಿ ಆ ಸಾಲಿನ ಮುಂದೆ ಯಾವ ಲೆಕ್ಕವೂ ಬರೆದಿಲ್ಲ.

ಇದಕ್ಕೂ ಆಫರ್ ಹಾಕುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಇಲ್ಲಿ ನನಗೆ ಮನುಷ್ಯ ಗೊತ್ತು. ಯಾರಿಗೆ ಕೊಟ್ಟೆ, ಯಾಕೆ ಕೊಟ್ಟೆ ಅಂತ ಗೊತ್ತು. ಆಫರ್ ಹಾಕಿದರೆ ಕ್ಯಾಲೆಂಡರಿನ ಒಂದು ವಾರಕ್ಕೆ ಕಮ್ಮಿ ಮಾಡಿದ ಹಾಗೆ. ಯಾರು ಬರ್ತಾರೆ ಅಂತ ಗೊತ್ತಿಲ್ಲದೇ ಮೊದಲೇ ಬಿಟ್ಟುಕೊಟ್ಟ ಹಾಗೆ. ಹಳೆಯ ಕ್ಲೈಂಟುಗಳಿಗೆ ವರ್ಷದ ಕೊನೆಯಲ್ಲಿ ಏನಾದರೂ ಕೊಡಬೇಕು ಅನ್ನಿಸಿದರೆ ನಾನು ಅರ್ಧ ಗಂಟೆ ಜಾಸ್ತಿ ಕೊಡುತ್ತೇನೆ. ಅದನ್ನೂ ಮುಂಚೆ ಹೇಳುವುದಿಲ್ಲ. ಬಂದ ಮೇಲೆ, "ಇವತ್ತು ಗಡಿಯಾರ ನೋಡಬೇಡಿ" ಅಂತೀನಿ. ರೇಟ್ ಇದ್ದಲ್ಲೇ ಇರುತ್ತದೆ.

ರಜೆಯ ರಾತ್ರಿಗಳಿಗೆ ರೇಟ್ ಏರಿಸುವವರೂ ಇದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ತನ್ನವರ ಜೊತೆ ಕಳೆಯಬೇಕಾದ ರಾತ್ರಿಯನ್ನು ಬಿಟ್ಟು ಬರುವವರು ಅದಕ್ಕೆ ಜಾಸ್ತಿ ಕೇಳಿದರೆ ನ್ಯಾಯವೇ. ಮುಂಚೆಯೇ ಹೇಳಿದರೆ ಸಾಕು. ಜನರಿಗೆ ಯಾವ ಬೆಲೆ ನ್ಯಾಯ ಅನ್ನಿಸುತ್ತದೆ ಅಂತ ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಅನ್ನುವ ಮೂವರು ಸಂಶೋಧಕರು 1986ರಲ್ಲಿ ಬರೆದಿದ್ದರು. ಹಿಮ ಬಿದ್ದ ಮಾರನೆಯ ದಿನ ಹಿಮ ತೆಗೆಯುವ ಸಲಿಕೆಯ ಬೆಲೆ 15 ಡಾಲರಿನಿಂದ 20ಕ್ಕೆ ಏರಿಸಿದರೆ ಹೇಗೆ ಅಂತ ಕೇಳಿದಾಗ ಶೇಕಡಾ 82 ಜನ ಅದು ಅನ್ಯಾಯ ಅಂದರು. ಅವರ ಇನ್ನೊಂದು ಪ್ರಶ್ನೆ ನಮಗೆ ಇನ್ನೂ ಹತ್ತಿರದ್ದು. ಇದ್ದ ಬೆಲೆ ಏರಿಸಿದರೆ ಜನ ಸಿಟ್ಟಾಗುತ್ತಾರೆ, ಕೊಡುತ್ತಿದ್ದ ಡಿಸ್ಕೌಂಟ್ ನಿಲ್ಲಿಸಿದರೆ ಅಷ್ಟು ಸಿಟ್ಟಾಗುವುದಿಲ್ಲ. ಕೈಯಿಂದ ಹೋಗುವ ಹಣ ಅಷ್ಟೇ ಆದರೂ. ಅಂದರೆ ಕಮ್ಮಿ ಮಾಡಲೇಬೇಕಾದವರು ರೇಟನ್ನೇ ತಿದ್ದಬಾರದು. ಹಳೆಯ ರೇಟನ್ನು ಹಾಗೇ ಬಿಟ್ಟು, ಇಂಥ ದಿನದವರೆಗೆ ಇಷ್ಟು ಕಮ್ಮಿ ಅಂತ ಬರೆಯಬೇಕು. ತಾರೀಕು ಇಲ್ಲದ ಡಿಸ್ಕೌಂಟ್ ಎರಡು ತಿಂಗಳಲ್ಲಿ ಹೊಸ ರೇಟ್ ಆಗಿಬಿಡುತ್ತದೆ.

ನಮ್ಮವರಲ್ಲೇ ಕೆಲವರು, ಕಮ್ಮಿ ಮಾಡುವವರನ್ನು ನೋಡಿ "ಮಾರ್ಕೆಟ್ ಹಾಳು ಮಾಡ್ತಾರೆ" ಅಂತ ಮೂಗು ಮುರಿಯುತ್ತಾರೆ. ಆ ಮಾತು ನನಗೆ ಸೇರುವುದಿಲ್ಲ. ಬಾಡಿಗೆ ಕೇಳಲು ಮನೆ ಮಾಲೀಕರು ಬಾಗಿಲಿಗೆ ಬಂದು ನಿಂತಾಗ ಮಾರ್ಕೆಟ್ ಯಾರಿಗೆ ನೆನಪಿರುತ್ತದೆ? ಕೈಯಲ್ಲಿ ಮೂರು ತಿಂಗಳ ಖರ್ಚಿಗೆ ಇರುವವರು ರೇಟ್ ಬಿಗಿಹಿಡಿದು ಕೂರುವುದು ಸುಲಭ. ಈಗ ನಾನು ಹಾಗೆ ಕೂರಬಲ್ಲೆ. ಪ್ರತಿ ಬುಕಿಂಗಿನಲ್ಲೂ ಹತ್ತರಲ್ಲಿ ಒಂದು ಪಾಲು ಬೇರೆ ಖಾತೆಗೆ ಹಾಕುತ್ತಾ ಬಂದಿದ್ದೇನೆ, ಅದಕ್ಕೆ. ಎರಡು ವರ್ಷದ ಹಿಂದೆ ಬಂದ ಹುಡುಗಿಗೆ ಅದು ಇನ್ನೂ ಆಗಿಲ್ಲ.

ಎರಡು ದಿನ ಬಿಟ್ಟು ಅವಳ ಮನೆಗೆ ಹೋದೆ. ನೆಲದ ಮೇಲೆ ಕೂತು ಅವಳ ಲೆಕ್ಕ ಹಾಕಿದೆವು. ಬಾಡಿಗೆಗೆ ಐದು ಬುಕಿಂಗ್ ಕಮ್ಮಿ ಇತ್ತು. ಸಾಲ ಕೊಡ್ತೀನಿ ಅಂದೆ, ಬೇಡ ಅಂದಳು. ಹೋದ ವರ್ಷ ಬೇರೆಯವರ ಹತ್ತಿರ ಮಾಡಿದ ಸಾಲ ತೀರಿಸಲು ಆರು ತಿಂಗಳು ಹಿಡಿದಿತ್ತಂತೆ. ಸರಿ, ಜಾಹೀರಾತು ತೆಗಿ ಅಂದೆ. ಮೊದಲ ಸಾಲಿನಲ್ಲೇ ದೊಡ್ಡದಾಗಿ "ಭಾರೀ ಆಫರ್, ಈಗಲೇ ಕರೆ ಮಾಡಿ" ಅಂತ ಇತ್ತು. ಅವಳೇ ಅದನ್ನು ಅಳಿಸಿದಳು. ಆ ಜಾಗದಲ್ಲಿ "ಹೊಸಬರು ಮೊದಲು ನಿಮ್ಮ ಪರಿಚಯ ಬರೆದು ಕಳಿಸಿ" ಅಂತ ಹಾಕಿದಳು. ಅದರ ಕೆಳಗೆ ಅಡ್ವಾನ್ಸ್, ಅದರ ಕೆಳಗೆ ಕಾಂಡೋಮ್ ಇಲ್ಲದೆ ಇಲ್ಲ ಅನ್ನುವ ಸಾಲು, ಅದರ ಕೆಳಗೆ ಹಳೆಯ ರೇಟ್. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಶೇಕಡಾ 15 ಕಮ್ಮಿ, ತಿಂಗಳ ಕೊನೆಯ ತಾರೀಕಿನವರೆಗೆ. 30 ಇದ್ದದ್ದನ್ನು 15 ಮಾಡಲು ಸುಮಾರು ಹೊತ್ತು ತೆಗೆದುಕೊಂಡಳು. ಒಂದು ಸಲ 20 ಅಂತ ಬರೆದು, ಮತ್ತೆ ಅಳಿಸಿದಳು.

ನಿನ್ನೆ ರಾತ್ರಿ ಮೆಸೇಜ್ ಕಳಿಸಿದ್ದಳು. "ಅಕ್ಕಾ, ಮೂರು ಬಂತು. ಇನ್ನೊಬ್ರು ಹೆಸರು ಹೇಳಲ್ಲ ಅಂದ್ರು, ಆಗಲ್ಲ ಅಂದೆ. ಇನ್ನೂ ಎರಡು ಬೇಕು."

ತಿಂಗಳು ಮುಗಿಯಲು ಆರು ದಿನ ಇದೆ. ಸಾಲದ ಮಾತು ಮತ್ತೆ ಎತ್ತಿಲ್ಲ. ಬೇಕಾದರೆ ಕೇಳು ಅಂತಷ್ಟೇ ಬರೆದೆ.